ಇಂದುಮತಿಯವರ ಸ್ಟೀಲ್ ಡಬ್ಬಿ ಮತ್ತು ಕ್ರೂರಸೇನನ ನಗೆ

ತಿಪ್ಪೇಗಿರಿ,
ಮೂರನೆಯ ಆಷಾಢ, ಬಹುಳ ಹದಿನೇಳು,
ಕ್ರಿ.ಶ. 2214

ಎಲೈ ಚಿರಂಜೀವಿ ಸೌಭಾಗ್ಯವತಿ ಇಂದುಮತಿಯೇ, ಇತ್ತ ಕಿವಿಗೊಡುವಂಥವಳಾಗು.

ಗುರುತಿಲ್ಲದ ಹೆಣ್ಣುಮಗಳನ್ನು ಹೀಗೆ ಏಕವಚನದಲ್ಲಿ ಕೂಗಿದ್ದಕ್ಕೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ನಾಟಕದ ಪ್ರತಿಗಳಿಂದ. ಅವುಗಳನ್ನು ಓದಿದ ಮೇಲೆ ನಿಮ್ಮ ಮನೆಗಳಲ್ಲಿ ಎಲ್ಲರೂ ಹೀಗೆಯೇ ಮಾತಾಡುತ್ತಿದ್ದರು, ಊಟಕ್ಕೆ ಕೂತವರು ‘ಎಲೈ ಸಾರಥಿ, ಉಪ್ಪನ್ನು ಇತ್ತ ತಾ’ ಎಂದು ಕೇಳುತ್ತಿದ್ದರು ಎಂದೇ ನಾನು ನಂಬಿದ್ದೇನೆ. ತಪ್ಪಾಗಿದ್ದರೆ ತಿದ್ದಿಕೊಂಡು ಓದಿ. ಇನ್ನು ಮೇಲಿನ ತಿಥಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕುವ ಶ್ರಮ ಬೇಡ. ನಿಮ್ಮ ಪಕ್ಷಕ್ಕೆ ಹದಿನೈದೇ ತಿಥಿ. ನಮ್ಮ ಹಿಂದಿನವರು ಆಷಾಢವನ್ನು ಮೂರು ಮಾಡಿ, ಅಮಾವಾಸ್ಯೆಯ ಆಚೆಗೆ ಎರಡು ದಿನ ಸೇರಿಸಿಕೊಂಡರು. ಮನೆಯಲ್ಲಿ ಕೆಟ್ಟ ಸಾಮಾನನ್ನೆಲ್ಲ ಮರ್ಯಾದೆಯಿಂದ ಕಳಿಸಿಕೊಡಲು ಆ ಎರಡು ದಿನ ಮೀಸಲು. ಈ ವಿಷಯದಲ್ಲಿ ಚಂದ್ರನನ್ನು ಯಾರೂ ಕೇಳಲಿಲ್ಲ.

ನಾನು ಕಲ್ಲಿನಾಥ ಬೆಂಡಿಗೇರಿ. ಶ್ರೀ ಗುಡುಗೇಶ್ವರ ನಾಟ್ಯ ಸಂಘದ ಮಾಲೀಕ, ನಾಯಕ ನಟ, ಮತ್ತು ಗುಡುಗಿನ ಸದ್ದಿಗೆ ಬಡಿಯುವ ತಗಡು ಹರಿದ ದಿನ ಪರದೆಯ ಹಿಂದಿನ ಗುಡುಗು. ನನ್ನ ತಾಯಿ ಎರಡನೆಯ ಅಂಕ ಮುಗಿಸಿ ಒಳಗೆ ಹೋಗಿ ನನ್ನನ್ನು ಹೆತ್ತಳಂತೆ. ನನ್ನ ಮೊದಲ ಅಳುವನ್ನು ಕೇಳಿದ ಪ್ರೇಕ್ಷಕರು ಅದು ನಾಟಕದ್ದೇ ಎಂದುಕೊಂಡು ‘ಒನ್ಸ್ ಮೋರ್’ ಕೂಗಿದರಂತೆ. ಅಂದಿನಿಂದ ನನಗೆ ಮೆಲ್ಲಗೆ ಮಾತಾಡಲು ಬಂದಿಲ್ಲ. ಈ ಪತ್ರವನ್ನೂ ದಯವಿಟ್ಟು ಗಟ್ಟಿಯಾಗಿ ಓದಿ.

ನಿಮ್ಮ ಹೆಸರು ನನಗೆ ಹೇಗೆ ತಿಳಿಯಿತು ಎನ್ನುತ್ತೀರಿ. ನಿಮ್ಮ ಅಡುಗೆಮನೆಯ ಅಟ್ಟದ ಮೇಲೆ, ಎಡಗಡೆಗೆ, ಒಂದು ದೊಡ್ಡ ಸ್ಟೀಲ್ ಡಬ್ಬಿ ಇದೆ ಅಲ್ಲವೇ? ಅದರ ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿ ಅಕ್ಷರದಲ್ಲಿ ‘ಚಿ.ಸೌ. ಇಂದುಮತಿಗೆ ತವರಿನವರ ಕಾಣಿಕೆ’ ಎಂದು ಕೊರೆದಿದೆ ಅಲ್ಲವೇ? ಅದು ಈಗ ನನ್ನ ಮೇಜಿನ ಮೇಲಿದೆ. ನಿಮಗೆ ಅದು ಮದುವೆಯ ಡಬ್ಬಿ, ನಮಗೆ ಉತ್ಖನನದ ವಸ್ತು. ನೀವು ನನಗೆ ಅಜ್ಜಿಯ ಅಜ್ಜಿಯ ಅಜ್ಜಿಯಾಗಬೇಕಾದವರು, ಡಬ್ಬಿ ಮಾತ್ರ ನಿಮ್ಮನ್ನು ಇನ್ನೂ ಚಿರಂಜೀವಿ ಎನ್ನುತ್ತಿದೆ.

ತಿಪ್ಪೇಗಿರಿ ಎಂಬುದು ನಮ್ಮ ಊರಿನ ಹೆಸರು. ನಿಮ್ಮ ಕಾಲದ ನಗರಗಳು ಊರಾಚೆಗೆ ಕಸವನ್ನು ಸುರಿದು ಸುರಿದು ಗುಡ್ಡ ಮಾಡಿ ಬಿಟ್ಟುಹೋದವು. ಆಮೇಲೆ ಮಣ್ಣು ಮುಚ್ಚಿ, ಹುಲ್ಲು ಬೆಳೆಸಿ, ಎತ್ತರದಲ್ಲಿ ಗಾಳಿ ಚೆನ್ನಾಗಿದೆ ಎಂದು ಅದರ ಮೇಲೆ ನಾವು ಮನೆ ಕಟ್ಟಿದೆವು. ಇಲ್ಲಿ ಬಾವಿ ತೋಡುವಂತಿಲ್ಲ. ಕೆಳಗಿನ ನೀರಿಗೆ ನಿಮ್ಮ ಬ್ಯಾಟರಿ ಸೆಲ್ಲುಗಳ ರಸ ಇಳಿದಿದೆ. ಆದ್ದರಿಂದ ಕುಡಿಯುವ ನೀರು ತೂಗುಬಂಡಿಯಲ್ಲಿ, ಅಂದರೆ ಹಗ್ಗಕ್ಕೆ ಜೋತುಕೊಂಡು ಓಡುವ ಬಂಡಿಯಲ್ಲಿ, ಪಕ್ಕದ ಗುಡ್ಡದಿಂದ ಬರುತ್ತದೆ. ನಾಟಕ ಬೆಳಗಿನ ಹೊತ್ತು ನಡೆಯುತ್ತದೆ, ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಖಳನಾಯಕ ಸಾಯುವ ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು ಮುಗಿಯುತ್ತದೆ.

ನಮ್ಮಲ್ಲೂ ಸೆಲ್ಲುಗಳಿವೆ. ಆದರೆ ಅವು ನಿಮ್ಮವುಗಳ ಹಾಗಿಲ್ಲ. ಹುಣಸೆಬೀಜದಂತೆ ಕಪ್ಪಗೆ, ನಾಲಿಗೆ ತಾಗಿದರೆ ಹಾಗಲಕಾಯಿಗಿಂತ ಕಹಿ. ಶಕ್ತಿ ತೀರಿದ ಸೆಲ್ಲನ್ನು ನಾವು ಸತ್ತಿತು ಎನ್ನುವುದಿಲ್ಲ, ‘ದಣಿಯಿತು’ ಎನ್ನುತ್ತೇವೆ, ಏಕೆಂದರೆ ಅದರಲ್ಲಿ ಇನ್ನೂ ಒಂದು ಗುಟುಕು ಉಳಿದೇ ಇರುತ್ತದೆ. ಪ್ರತಿ ಮನೆಯಲ್ಲೂ ಒಲೆಯಿಂದ ದೂರ, ಬಿಸಿಲು ಬೀಳದ ಗೋಡೆಯಲ್ಲಿ ‘ತಣ್ಣಗೂಡು’ ಎಂಬ ಪುಟ್ಟ ಗೂಡಿದೆ. ದಣಿದ ಸೆಲ್ಲಿನ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಲೋಹವಲ್ಲದ ಡಬ್ಬಿಯಲ್ಲಿ ಅಲ್ಲಿಡುತ್ತೇವೆ. ಬಹುಳ ಹದಿನಾರಕ್ಕೆ ಗಂಟೆ ಬಾರಿಸುತ್ತ ಸೆಲ್ಲಿನ ಬಂಡಿ ಬರುತ್ತದೆ. ಮಕ್ಕಳಿಗೆ ಐದು ತುಂಬಿದಾಗ ‘ಪಟ್ಟಿಶಾಸ್ತ್ರ’ ಮಾಡುತ್ತೇವೆ. ಬಂಧುಬಳಗವನ್ನೆಲ್ಲ ಕರೆದು, ಕೂಸಿಗೆ ಹೊಸ ಅಂಗಿ ತೊಡಿಸಿ, ಅದರ ಕೈಯಿಂದ ಮೊದಲ ಸೆಲ್ಲಿಗೆ ಪಟ್ಟಿ ಸುತ್ತಿಸಿ, ಹೋಳಿಗೆ ಊಟ ಹಾಕುತ್ತೇವೆ. ನನ್ನ ಶಾಸ್ತ್ರದ ದಿನ ನಾನು ಪಟ್ಟಿಯನ್ನು ಸೋದರಮಾವನ ಬಾಯಿಗೆ ಸುತ್ತಿದೆನೆಂದು ಮನೆಯವರು ಇಂದಿಗೂ ಹೇಳುತ್ತಾರೆ.

ಇಂಥ ಊರಿನಲ್ಲಿ, ಇಷ್ಟೆಲ್ಲ ತಿಳಿದ ಜನರ ನಡುವೆ, ದ್ಯಾಮಣ್ಣ ಸೆಲ್ಲನ್ನು ನುಂಗಿದ.

ದ್ಯಾಮಣ್ಣ ನಮ್ಮ ಸಂಘದ ಖಳನಾಯಕ. ‘ಕ್ರೂರಸೇನನ ಗರ್ವಭಂಗ’ದಲ್ಲಿ ಆತ ಕ್ರೂರಸೇನ, ಆತನ ಹೆಂಡತಿ ಬಸಲಿಂಗವ್ವ ಮಹಾರಾಣಿ. ಆಹಾ, ಇಂದುಮತಿಯವರೇ, ಆತನ ನಗೆಯನ್ನು ನೀವು ಕೇಳಬೇಕಿತ್ತು. ಮೂರು ಮೆಟ್ಟಿಲಿನ ನಗೆ ಅದು. ಮೊದಲನೆಯದು ಹೊಟ್ಟೆಯಲ್ಲಿ ಹುಟ್ಟಿ ಅಲ್ಲಿಯೇ ಬಂಡೆಯಂತೆ ಉರುಳಾಡುವುದು. ಎರಡನೆಯದು ಎದೆಗೇರಿ ಮುಂದಿನ ಸಾಲಿನವರ ಬುತ್ತಿಯ ಮುಚ್ಚಳಗಳನ್ನು ಅಲುಗಿಸುವುದು. ಮೂರನೆಯದು ಬಾಯಿಂದ ಹೊರಬಿದ್ದು ಗಿರಿಯ ಆಚೆ ಬದಿಯ ನಾಯಿಗಳನ್ನು ಬೊಗಳಿಸುವುದು. ನಮ್ಮ ಸಂಘದ ಆಟಕ್ಕೆ ಜನ ಬರುತ್ತಿದ್ದುದು ನನ್ನ ನಾಯಕ ಪಾತ್ರಕ್ಕೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಬರುತ್ತಿದ್ದುದು ಆ ಮೂರನೆಯ ನಗೆಗೆ.

ನಗುವಾಗ ಖಳನಾಯಕನ ಬೆಳ್ಳಿಯ ಹಲ್ಲು ಕೊನೆಯ ಸಾಲಿನವರಿಗೂ ಮಿಂಚಬೇಕು ಎಂಬುದು ನಮ್ಮ ಸಂಘದ ಸಂಪ್ರದಾಯ. ತಗಡಿನ ಚೂರನ್ನು ಮೀಸೆ ಅಂಟಿಸುವ ಅಂಟಿನಿಂದ ಹಲ್ಲಿಗೆ ಕೂಡಿಸುವುದು ದ್ಯಾಮಣ್ಣನ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಈ ಸಲ ರಂಗಮಂಚದ ಕಂಬಕ್ಕೆ ಕುಣಿ ತೋಡುವಾಗ ಠಣ್ ಎಂದು ಸದ್ದಾಯಿತು. ನಿಮ್ಮ ಡಬ್ಬಿ ಮೇಲೆದ್ದು ಬಂತು. ನಿಧಿ ಸಿಕ್ಕಿತೆಂದು ಇಡೀ ಸಂಘ ಸುತ್ತ ಕೂತಿತು. ಮುಚ್ಚಳವನ್ನು ದ್ಯಾಮಣ್ಣನೇ ಮೊಣಕಾಲಲ್ಲಿ ಒತ್ತಿಹಿಡಿದು ತೆಗೆದ. ಒಳಗೆ ಬಿಳಿ ಹಿಟ್ಟು ಮೆತ್ತಿದ ದಪ್ಪ ಕೊಳವೆಗಳು, ಬೆರಳಿನಷ್ಟು ಸಣ್ಣ ಕೊಳವೆಗಳು, ಪೂರಿಯಂತೆ ಉಬ್ಬಿದ ಒಂದು ಚಪ್ಪಟೆ ಬಿಲ್ಲೆ, ಹಿಂಬದಿಯ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡ್ ಸುತ್ತಿದ್ದ ಒಂದು ಕರಿಯ ಕೋಲು, ಮತ್ತು ತಳದಲ್ಲಿ, ಕಾಗದದಲ್ಲಿ ಸುತ್ತಿದ್ದರಿಂದ ಹೊಳಪು ಉಳಿಸಿಕೊಂಡ ಒಂದು ಗುಂಡನೆಯ ಬೆಳ್ಳಿ ಬಿಲ್ಲೆ. ಅದರ ಮೇಲೆ ಕೂಡಿಸುವ ಚಿಹ್ನೆ ಇತ್ತು.

“ಇದು ಹಳೇ ರಾಜರ ಮುದ್ರಿ,” ಅಂದ ದ್ಯಾಮಣ್ಣ. “ನಾಕೂ ದಿಕ್ಕು ಗೆದ್ದವರು ಹಾಕ್ಸಿದ್ದು.”

“ನಿಮಗ್ಯಾಕ ಬೇಕ್ರಿ ಅದು?” ಅಂದಳು ಬಸಲಿಂಗವ್ವ. “ಮಣ್ಣಾಗಿಂದು. ತೊಳದರ ಇಡ್ರಿ.”

“ತೊಳೀತೇನಿ. ತೊಳದು ಹಲ್ಲಿಗೆ ಹಾಕ್ಕೋತೇನಿ. ಕ್ರೂರಸೇನಗ ತಗಡಿನ ಹಲ್ಲು ಶೋಭಾ ಕೊಡೂದಿಲ್ಲ.”

ಮರುದಿನ ಮೂರನೆಯ ಅಂಕ. ಸೆರೆಮನೆಯಲ್ಲಿ ಮಹಾರಾಣಿ ಮಂಡಿಯೂರಿ ಪ್ರಾಣಭಿಕ್ಷೆ ಕೇಳುತ್ತಿದ್ದಾಳೆ. ಕ್ರೂರಸೇನ ಕತ್ತಿ ಹಿರಿದಿದ್ದಾನೆ. ಮೊದಲ ನಗೆ ಉರುಳಿತು. ಎರಡನೆಯ ನಗೆಗೆ ಬುತ್ತಿಗಳು ಅಲುಗಿದವು. ಮೂರನೆಯದಕ್ಕೆ ಬಾಯಿ ತೆರೆದು ಉಸಿರು ಎಳೆದುಕೊಂಡ. ಮೀಸೆಯ ಅಂಟು ಎಂಜಲಿಗೆ ಕರಗಿತ್ತು. ಹಲ್ಲು ಒಳಗೆ ಹೋಯಿತು, ನಗೆ ಹೊರಗೆ ಬರಲಿಲ್ಲ. ದ್ಯಾಮಣ್ಣ ಗಂಟಲು ಹಿಡಿದುಕೊಂಡ, ಕಣ್ಣುಗುಡ್ಡೆ ಹೊರಬಂತು, ಕಿರೀಟ ಒಂದು ಕಿವಿಗೆ ಇಳಿಯಿತು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅಂಥ ಅಭಿನಯವನ್ನು ಅವರು ಹಿಂದೆ ಕಂಡಿರಲಿಲ್ಲ.

“ದುಷ್ಟನೇ, ನಿನ್ನ ಅಂತ್ಯಕಾಲ ಸಮೀಪಿಸಿತು,” ಎಂದಳು ಮಹಾರಾಣಿ. ಅದು ಪ್ರತಿಯಲ್ಲಿ ಇದ್ದ ಮಾತೇ. ಆಮೇಲೆ ಹತ್ತಿರ ಬಗ್ಗಿ, “ಏನಾತ್ರಿ? ಹಲ್ಲೆಲ್ಲಿ?” ಎಂದಳು. ಆತ ಕುತ್ತಿಗೆ ತೋರಿಸಿದ. ಆಕೆ ತಿರುಗಿ ಪರದೆಯವನಿಗೆ ಹೇಳಿದ್ದು ಹೊರಗಿನ ತೂಗುಬಂಡಿಯವರಿಗೂ ಕೇಳಿಸಿತು. “ಪರದೆ ಬಿಡಪಾ, ಇವ್ರು ಹಲ್ಲು ನುಂಗ್ಯಾರ.”

ಜನ ‘ಒನ್ಸ್ ಮೋರ್’ ಕೂಗಿದರು.

“ರೊಕ್ಕಾ ನುಂಗಿದವ್ರನ್ನ ಭಾಳ ಮಂದಿ ನೋಡೇನಿ,” ಎಂದರು ಪೇಟಿ ಮಾಸ್ತರ ಈರಣ್ಣ, ಹಾರ್ಮೋನಿಯಂ ಬದಿಗಿಟ್ಟು. “ಎರಡು ಬಾಳೆಹಣ್ಣ ಕೊಡ್ರಿ, ನಾಳಿ ತಾನ ಬರ್ತದ.”

“ನಿಮ್ಮ ಪೇಟ್ಯಾಗ ಸೇರಿದ್ರ ಬಾಳೆಹಣ್ಣ ಹಾಕ್ತಿದ್ರೇನ್ರಿ ಮಾಸ್ತರ?” ಎಂದವಳೇ ಬಸಲಿಂಗವ್ವ ಗಂಡನ ಕೈ ಹಿಡಿದುಕೊಂಡು, ಮಹಾರಾಣಿಯ ವೇಷದಲ್ಲೇ ಆಸ್ಪತ್ರೆಗೆ ಹೊರಟುಬಿಟ್ಟಳು. ಆ ಹೊತ್ತಿನ ಆಕೆಯ ಹಟದಿಂದ ದ್ಯಾಮಣ್ಣ ಉಳಿದ. ತೂಗುಬಂಡಿಯಲ್ಲಿ ಕ್ರೂರಸೇನ, ಮಹಾರಾಣಿ ಮತ್ತು ಕತ್ತಿ ಹಿಡಿದ ನಾನು. ಎದುರು ಕೂತಿದ್ದ ಮುದುಕಿಯೊಬ್ಬಳು ಕ್ರೂರಸೇನನನ್ನು ನೋಡಿ, “ಮಾಡಿದ್ದು ಉಣ್ಣಲೇಬೇಕಪಾ,” ಎಂದಳು. ಆಕೆ ಕಳೆದ ವರ್ಷದ ಆಟ ನೋಡಿದ್ದಳು.

ಡಾಕ್ಟರ್ ನಫೀಸಾ ಮುಲ್ಲಾ ಎದೆಯ ಚಿತ್ರ ತೆಗೆದು ಬೆಳಕಿಗೆ ಹಿಡಿದರು. ಗಂಟಲಿನ ಕೆಳಗೆ ಗುಂಡನೆಯ ನೆರಳು, ಅದರ ಅಂಚಿನೊಳಗೆ ಇನ್ನೊಂದು ಅಂಚು.

“ಇದು ರೊಕ್ಕ ಅಲ್ಲ,” ಎಂದರು ಅವರು. “ಸೆಲ್ಲು.”

ಇಂದುಮತಿಯವರೇ, ಆ ಮಾತಿಗೆ ನಾವು ಮೂವರೂ ಕಿವಿ ಮುಟ್ಟಿಕೊಂಡೆವು. ನಮ್ಮಲ್ಲಿ ಹಾವಿನ ಹೆಸರು ಕೇಳಿದರೂ ಇಷ್ಟು ಹೆದರುವುದಿಲ್ಲ. ಡಾಕ್ಟರ್ ಬೇಗ ಬೇಗ ಕೈ ತೊಳೆಯುತ್ತ ಹೇಳಿದರು. “ಭಾಳ ಹಳೇದು. ಕರೆಂಟ್ ಉಳಿದಿರ್ಲಿಕ್ಕಿಲ್ಲ, ಅದ ನಿಮ್ಮ ಪುಣ್ಯ. ಹೊಸಾದೋ, ಬರೇ ದಣದದ್ದೋ ಇದ್ದಿದ್ರ ತಾಸೆರಡು ತಾಸಿನೊಳಗ ಅನ್ನನಾಳ ಸುಟ್ಟು ತೂತು ಬೀಳ್ತಿತ್ತು. ಸಣ್ಣ ಕೂಸಾಗಿದ್ರಂತೂ ಮಾತ ಬ್ಯಾಡ. ಇದ್ರ ಅಂಚು ತುಕ್ಕು ಹಿಡದು ಸೋರಿರಬೇಕು, ಅದೇನು ಮಾಡೇದ ತಗದ್ ಮ್ಯಾಲ ನೋಡೋಣ.”

ಕೊಳವೆ ಇಳಿಸಿ ತೆಗೆದರು. ದ್ಯಾಮಣ್ಣ ಬದುಕಿದ. ಆದರೆ ಸೋರಿದ ರಸ ಸ್ವರದ ನರವನ್ನು ತಾಗಿತ್ತು. ಗಾಯ ಮಾಯುವವರೆಗೆ ಮಾತಾಡಕೂಡದೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದರು.

“ಮದುವಿ ಆದಾಗಿಂದ ಬಾಯಿ ಮುಚ್ಚರಿ ಅಂತ ನಾನೂ ಹೇಳ್ಕೋತ ಬಂದೇನಿ,” ಎಂದಳು ಬಸಲಿಂಗವ್ವ. “ನನ್ನ ಮಾತು ಕೇಳಲಿಲ್ಲ. ಡಾಕ್ಟರ ಮಾತರ ಕೇಳ್ರಿ.” ನಾವೆಲ್ಲ ನಕ್ಕೆವು. ದ್ಯಾಮಣ್ಣನೂ ನಕ್ಕ, ಸದ್ದಿಲ್ಲದೆ.

ಗಾಯ ಮಾಯಿತು. ಮಾತು ಬಂತು, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಷ್ಟು. ನಗೆ ಬರಲಿಲ್ಲ. ಮೊದಲ ಮೆಟ್ಟಿಲಿಗೇ ಕೆಮ್ಮು. ಕ್ರೂರಸೇನನ ನಗೆಯನ್ನು ಪರದೆಯ ಹಿಂದಿನಿಂದ ನಾನು ನಗುವುದೆಂದು ಗೊತ್ತುಮಾಡಿದೆವು. ನಕ್ಕೆ. ಮುಂದಿನ ಸಾಲಿನಿಂದ ಯಾರೋ ಒಳಗೆ ನೀರು ಕಳಿಸಿಕೊಟ್ಟರು. ಈಗ ದ್ಯಾಮಣ್ಣ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಾನೆ. ಮೂರನೆಯ ಅಂಕ ಬಂದಾಗ ಹೊರಗೆ ಹೋಗಿ ತೂಗುಬಂಡಿಗಳನ್ನು ನೋಡುತ್ತ ನಿಲ್ಲುತ್ತಾನೆ.

ಕಳೆದ ವಾರ ಬಸಲಿಂಗವ್ವ ನಿಮ್ಮ ಡಬ್ಬಿಯನ್ನು ಹೊತ್ತುಕೊಂಡು ನನ್ನ ಬಳಿ ಬಂದಳು. “ಮಾಲಕರ, ಮನ್ಯಾಗ ಒಂದು ಸಪ್ಪಳ ಇಲ್ಲ. ನಾನ ಬೇಕಂತ ತಾಟು ಕೆಡವತೇನಿ. ಈಕಿಗೆ ಒಂದು ಪತ್ರ ಬರೀರಿ.”

“ಯಾರಿಗವ್ವಾ?”

“ಇಂದುಮತಿಗೆ. ಬೈಬ್ಯಾಡ್ರಿ ಮತ್ತ. ಆಕಿ ಬಿಸಾಕಲಿಲ್ಲ, ಎತ್ತಿಟ್ಟಾಳ. ಎಲ್ಲೆ ಕೊಡಬೇಕಂತ ಆಕಿಗೆ ಯಾರೂ ಹೇಳಿಲ್ಲ ಅಷ್ಟ.”

ನಮ್ಮಲ್ಲಿ ‘ಹಿಂದಂಚೆ’ ಎಂಬ ವ್ಯವಸ್ಥೆ ಇದೆ. ಪತ್ರ ಕಾಲದಲ್ಲಿ ಹಿಂದಕ್ಕೆ ಹೋಗುತ್ತದೆ. ಹತ್ತಿರದ ವರ್ಷಗಳಿಗೆ ಕಳಿಸುವಂತಿಲ್ಲ, ಏಕೆಂದರೆ ಜನ ತಮ್ಮ ಮದುವೆಯ ಹಿಂದಿನ ದಿನಕ್ಕೆ ತಾವೇ ಪತ್ರ ಹಾಕಿಕೊಳ್ಳತೊಡಗಿ ದೊಡ್ಡ ಗೊಂದಲವಾಯಿತು. ಆದ್ದರಿಂದ ದ್ಯಾಮಣ್ಣನಿಗೆ ಬರೆಯಲಾಗದು. ನಿಮಗೆ ಬರೆಯಬಹುದು. ಕಿಟಕಿಯಲ್ಲಿದ್ದ ಗುಮಾಸ್ತ ವಿಳಾಸ ನೋಡಿ ಕೇಳಿದ, “ಇವ್ರು ಉತ್ತರಾ ಬರ್ದಿದ್ರ ಇಷ್ಟೊತ್ತಿಗೆ ನಿಮಗ ಮುಟ್ಟಬೇಕಿತ್ತಲ್ರಿ. ಮುಟ್ಟಿಲ್ಲ ಅಂದ್ರ ಓದಿಲ್ಲ ಅಂತ ಅರ್ಥ. ಆದ್ರೂ ಕಳಸ್ತೀರೇನು?” ಕಳಿಸುತ್ತೇನೆ ಎಂದೆ. ಅವರು ನನ್ನ ಮಾತು ಕೇಳಿ ನಡೆದರೆ ಈ ಪತ್ರದ ಗತಿ ಏನು ಎಂದೂ ಕೇಳಿದೆ. “ಅದು ನಮ್ಮ ಇಲಾಖೆಗೆ ಬರೂದಿಲ್ಲ,” ಎಂದ.

ಆದಕಾರಣ, ಇಂದುಮತಿಯವರೇ, ಡಬ್ಬಿಯನ್ನು ಕೆಳಗಿಳಿಸಿ.

ನಿಮ್ಮ ಸೆಲ್ಲುಗಳನ್ನು ನಾನು ಒಂದೊಂದಾಗಿ ನೋಡಿದ್ದೇನೆ. ಕೆಲವುಗಳ ಮೇಲೆ ಹಲ್ಲಿನ ಗುರುತಿದೆ. ಕಚ್ಚಿದರೆ ಇನ್ನೆರಡು ದಿನ ನಡೆದೀತೆಂದು ನಿಮ್ಮ ಮನೆಯವರು ಯಾರೋ ಕಚ್ಚಿದ್ದಾರೆ. ಕೆಲವುಗಳ ಒಂದೇ ಮಗ್ಗುಲಿನ ಬಣ್ಣ ಹಾರಿದೆ. ಮಹಡಿಯ ಕಟ್ಟೆಯ ಮೇಲೆ ಹಪ್ಪಳದ ಜೊತೆ ಬಿಸಿಲಿಗೆ ಇಟ್ಟಿದ್ದೀರಿ. ಅವು ಹಪ್ಪಳವಲ್ಲ. ಬಿಸಿಲಿಗೆ ಶಕ್ತಿ ಮರಳುವುದಿಲ್ಲ, ಹೊಟ್ಟೆಯೊಡೆದು ಸೋರುತ್ತವೆ. ಇನ್ನು ಡಬ್ಬಿ. ತವರಿನ ಡಬ್ಬಿ ಗಟ್ಟಿ ಎಂದು ಅದರಲ್ಲಿ ಇಟ್ಟಿರಿ, ಆದರೆ ಸ್ಟೀಲಿಗೆ ತಾಗಿ, ಒಂದರ ತುದಿ ಇನ್ನೊಂದಕ್ಕೆ ತಾಗಿ, ಉಳಿದ ಒಂದು ಗುಟುಕು ಶಕ್ತಿ ಒಳಗೊಳಗೇ ಹರಿದು ಕಾದು, ಕೆಲವೊಮ್ಮೆ ಹೊತ್ತಿಕೊಳ್ಳುವುದೂ ಉಂಟು. ಒಂದು ಪ್ಲಾಸ್ಟಿಕ್ ಡಬ್ಬಿಗೆ ಅವನ್ನು ಬದಲಾಯಿಸಿ. ಮೊದಲು ತುದಿಗಳಿಗೆ ಅಂಟುಪಟ್ಟಿ ಸುತ್ತಿ. ಆ ಬೆಳ್ಳಿ ಬಿಲ್ಲೆಗೆ ಎರಡೂ ಬದಿಗೆ ಸುತ್ತಿ, ಮಕ್ಕಳ ಕೈಗೂ ಖಳನಾಯಕರ ಕೈಗೂ ಸಿಗದ ಕಡೆ ಇಡಿ. ಯಾರಾದರೂ ನುಂಗಿದರೆ ಬಾಳೆಹಣ್ಣು ಬೇಡ, ವಾಂತಿ ಮಾಡಿಸುವುದು ಬೇಡ, ನಾಳೆ ನೋಡೋಣ ಎನ್ನುವುದಂತೂ ಬೇಡವೇ ಬೇಡ, ನೇರ ಆಸ್ಪತ್ರೆ. ಪೂರಿಯಂತೆ ಉಬ್ಬಿದ ಫೋನಿನ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ಅದನ್ನು ಒಂಟಿಯಾಗಿ, ಒಣ ಮರಳಿನಲ್ಲಿ, ಹೊತ್ತಿಕೊಳ್ಳುವ ಸಾಮಾನಿನಿಂದ ದೂರ ಇಟ್ಟು ಮೊದಲು ಸಾಗಹಾಕಿ. ನೀರು ಕಾಯಿಸುವ ಒಲೆಗೆ ಯಾವುದನ್ನೂ ಎಸೆಯದಿರಿ.

ಆಮೇಲೆ, ಎಲ್ಲಿಗೆ ಎನ್ನುವುದು. ಬೆಳಗ್ಗೆ ಬರುವ ಕಸದ ಗಾಡಿಯ ತರಕಾರಿ ಸಿಪ್ಪೆಯ ಜೊತೆ ಅಲ್ಲ. ನಿಮ್ಮ ಡಬ್ಬಿ ನಮ್ಮ ಗಿರಿಗೆ ಬಂದದ್ದು ಹಾಗೆಯೇ. ನಿಮ್ಮ ನಂತರ ಯಾರೋ ಮನೆ ಖಾಲಿ ಮಾಡುವಾಗ ಮುಚ್ಚಳವನ್ನೂ ತೆಗೆಯದೆ ಎತ್ತಿ ಹಾಕಿದ್ದಾರೆ. ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗಳು, ಇ-ಕಸದ ಪೆಟ್ಟಿಗೆಗಳು, ಅದಕ್ಕೆಂದೇ ಬರುವ ಸಂಸ್ಥೆಯವರು ನಿಮ್ಮ ಕಾಲದಲ್ಲೂ ಇದ್ದರೆಂದು ಓದಿದ್ದೇನೆ. ಕಸದ ಗಾಡಿಯ ಹೆಣ್ಣುಮಗಳನ್ನೇ ಕೇಳಿ, ನಗರಸಭೆಗೆ ಫೋನ್ ಮಾಡಿ, ಎರಡು ಸಲ ಬೇರೆ ಕಡೆ ಹೋಗಿ ಎಂದರೆ ಮೂರನೆಯ ಸಲ ಗಟ್ಟಿಯಾಗಿ ಕೇಳಿ. ಗಟ್ಟಿಯಾಗಿ ಕೇಳುವುದು ಹೇಗೆಂದು ಈ ಪತ್ರದಿಂದ ಕಲಿತಿರುತ್ತೀರಿ.

ಇಷ್ಟನ್ನು ನೀವು ಮಾಡಿದರೆ ನಮ್ಮ ಕಂಬದ ಕುಣಿಯಲ್ಲಿ ಬರೀ ಮಣ್ಣು ಸಿಗುತ್ತದೆ. ನಮ್ಮ ಸಂಘ ಕಂಡ ಅತಿ ದೊಡ್ಡ ಚಪ್ಪಾಳೆ ಇಲ್ಲವಾಗುತ್ತದೆ. ನಿಮ್ಮ ಹೆಸರು ನನಗೆ, ನನ್ನ ಹೆಸರು ನಿಮಗೆ ತಿಳಿಯುವುದಿಲ್ಲ. ದ್ಯಾಮಣ್ಣ ಮತ್ತೆ ತಗಡಿನ ಹಲ್ಲು ಕಟ್ಟಿಕೊಂಡು ನನಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುತ್ತಾನೆ. ಬಸಲಿಂಗವ್ವ ಬಾಯಿ ಮುಚ್ಚರಿ ಎನ್ನುತ್ತಾಳೆ, ಆತ ಮುಚ್ಚುವುದಿಲ್ಲ. ಆಗಲಿ. ನಾಯಕ ನಟನೊಬ್ಬ ಬಿಟ್ಟುಕೊಡಬಹುದಾದ್ದನ್ನೆಲ್ಲ ನಾನು ಈ ಲಕೋಟೆಯಲ್ಲಿ ಹಾಕಿದ್ದೇನೆ.

ಇನ್ನು ನನಗೆ ಅಪ್ಪಣೆ ಕೊಡಿ. ಖಾಲಿಯಾದ ಡಬ್ಬಿಯನ್ನು ಸೋಪು ಹಾಕಿ ತೊಳೆದರೂ ಅದರಲ್ಲಿ ತಿನ್ನುವ ಪದಾರ್ಥ ಇಡಬೇಡಿ, ಸೆಲ್ಲು ಸೋರಿದ ಡಬ್ಬಿಗೆ ಇನ್ನು ಮೊಳೆ ಸ್ಕ್ರೂಗಳೇ ಸರಿ. ಚಕ್ಕುಲಿಗೆ ಪಕ್ಕದ ಡಬ್ಬಿ ಇದೆಯಲ್ಲ, ಅದು. ಕೊನೆಯ ಸೆಲ್ಲಿನ ತುದಿಗೆ ಪಟ್ಟಿ ಸುತ್ತಿದ ದಿನ, ನೀವು ಚಕ್ಕುಲಿ ತುಂಬಿಡುತ್ತಿರುವಾಗ, ಎಲ್ಲಿಂದಲೋ ಒಂದು ನಗೆ ಉರುಳಿ ಬಂದೀತು. ಎರಡನೆಯದಕ್ಕೆ ಅಟ್ಟದ ಮೇಲಿನ ಪಾತ್ರೆಗಳು ಅಲುಗಿಯಾವು. ಮೂರನೆಯದಕ್ಕೆ ಬೀದಿಯ ನಾಯಿಗಳೆಲ್ಲ ಬೊಗಳಿಯಾವು. ಹೆದರಬೇಡಿ, ಅದು ನಮ್ಮ ದ್ಯಾಮಣ್ಣ. ಮುಚ್ಚಳವನ್ನು ಮಾತ್ರ ಒತ್ತಿ ಹಿಡಿದುಕೊಳ್ಳಿ, ಹಾರಿಹೋದರೆ ಚಕ್ಕುಲಿ ಮೆತ್ತಗಾಗುತ್ತವೆ.

ಇತಿ,
ನಿಮಗೆ ಎಂದೂ ಗೊತ್ತಾಗಬಾರದೆಂದು ಹಾರೈಸುವ
ಕಲ್ಲಿನಾಥ ಬೆಂಡಿಗೇರಿ